ಹೆಂಚಿನ ಕೆಳಗೆ ಮಲಗಿದವರ ಲೆಕ್ಕ

ನಮ್ಮ ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ವರ್ಷಕ್ಕೊಮ್ಮೆ ಅವಳು ಒಂದು ಲೆಕ್ಕ ಮಾಡುತ್ತಿದ್ದಳು, ಅದು ತಪ್ಪಿದ್ದನ್ನು ನಾನು ಕಂಡದ್ದಿಲ್ಲ.

ಸೆಪ್ಟೆಂಬರಿನಲ್ಲಿ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ತೆನೆ ಹಬ್ಬ. ಮರಿಯಮ್ಮನವರು ಹುಟ್ಟಿದ ದಿನ. ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಅವರ ಪಾದಕ್ಕೆ ಸುರಿಯುತ್ತಾರೆ. ಹಬ್ಬದ ದಿನ ಪೂಜೆ ಮುಗಿದ ಮೇಲೆ ಪಾದ್ರಿಗಳು ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಮನೆಗೆ ಬರುತ್ತದೆ. ಅದರ ಕಾಳನ್ನು ಉಗುರಿನಲ್ಲಿ ಸುಲಿದು, ಅರೆದು, ಕಾಯಿಹಾಲು ಬೆಲ್ಲಕ್ಕೆ ಬೆರೆಸಿ ಮನೆಯವರೆಲ್ಲ ಒಂದೊಂದು ಗುಟುಕು ಕುಡಿಯಬೇಕು. ನಮ್ಮಲ್ಲಿ ಅದಕ್ಕೆ ‘ಹೊಸತು’ ಎಂದೇ ಹೆಸರು. ಒಬ್ಬರು ಬಾಕಿ ಇದ್ದರೂ ಊಟಕ್ಕೆ ಕೂರುವಂತಿಲ್ಲ.

ಎಷ್ಟು ಕಾಳು ಸುಲಿಯಬೇಕು ಎನ್ನುವುದೇ ಅಮ್ಮನ ಲೆಕ್ಕ. ಹಿಂದಿನ ರಾತ್ರಿ ನಮ್ಮ ಹೆಂಚಿನ ಕೆಳಗೆ ಯಾರು ಮಲಗಿದ್ದರೋ ಅವರೆಲ್ಲ ಲೆಕ್ಕಕ್ಕೆ ಬಂದರು, ತಲೆಗೆ ಮೂರು ಕಾಳು. ಒಂದು ವರ್ಷ ಬಸ್ಸು ತಪ್ಪಿದ ಬಳೆಗಾರನೊಬ್ಬ ಜ್ವರದಲ್ಲಿ ನಮ್ಮ ಜಗಲಿಯ ಮೇಲೆ ಮಲಗಿಬಿಟ್ಟಿದ್ದ. ಬೆಳಿಗ್ಗೆ ಅಮ್ಮ ಅವನಿಗೂ ಮೂರು ಕಾಳು ಸುಲಿದಳು. ಅಪ್ಪ ಸುಮ್ಮನಿರದೆ, “ಅವ ನಮ್ಮವನಾ?” ಎಂದು ಕೇಳಿದರು.

“ಹೆಂಚ್ ನಮ್ದಲ್ದಾ?” ಎಂದಳು ಅಮ್ಮ.

ಎಲ್ಲರ ಲೆಕ್ಕ ಮುಗಿದ ಮೇಲೆ ಅಮ್ಮ ಮತ್ತೂ ಮೂರು ಕಾಳು ಹೆಚ್ಚು ಹಾಕುವುದಿತ್ತು. ಅದು ಯಾರ ಪಾಲಿನದೆಂದು ನನಗೊಬ್ಬಳಿಗೇ ಗೊತ್ತು. ಅಮ್ಮ ತೀರಿಕೊಂಡ ಮೇಲೆ ಆ ಮೂರು ಕಾಳನ್ನು ನಾನು ಹಾಕುತ್ತ ಬಂದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಆ ಹೆಂಚಿನ ಕೆಳಗೆ ನಾವು ಮೂವರು. ಎಪ್ಪತ್ತಾರು ದಾಟಿದ ನಾನು, ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ, ಅವನ ಹೆಂಡತಿ. ನಾನು ಮದುವೆಯಾಗಲಿಲ್ಲ. ಮೂವತ್ತೈದು ವರ್ಷ ಇಂಗ್ಲಿಷ್ ಗ್ರ್ಯಾಮರ್ ಕಲಿಸಿದೆ, ಭಾನುವಾರ ಇಗರ್ಜಿಯ ಮಕ್ಕಳಿಗೆ ಕ್ಯಾಟೆಕಿಸಂ, ಅಂದರೆ ಧರ್ಮಪಾಠ, ಹೇಳಿಕೊಟ್ಟೆ. ತಮ್ಮ ಹದಿನಾರಕ್ಕೇ ಬಾಂಬೆಗೆ ಹೋದವನು, ಅಲ್ಲಿಂದ ಹಡಗಿಗೆ. ಊರಿಗೆ ಬಂದ ಮೇಲೆ ನಮ್ಮ ವಾಡೆಗೆ ಗುರ್ಕಾರನಾದ. ಗುರ್ಕಾರ ಎಂದರೆ ಇಗರ್ಜಿಯ ಕಡೆಯಿಂದ ಇಷ್ಟು ಮನೆಗಳ ಮುಖಂಡ. ಹಬ್ಬದ ದಿನ ಆ ಮನೆಗಳಿಗೆಲ್ಲ ತೆನೆ ಹಂಚುವ ಮರ್ಯಾದೆ ಅವನದು. ಆ ದಿನ ಅವನ ಶರ್ಟಿನ ಇಸ್ತ್ರಿ ನೋಡಬೇಕು ನೀವು, ಕ್ಯಾಪ್ಟನ್ ಎದುರಿಗೆ ನಿಲ್ಲಲು ಹೊರಟಂತೆ.

ನಮ್ಮ ಮನೆ ಕುಂದಾಪುರದಿಂದ ಬಸ್ಸಿನಲ್ಲಿ ಕಾಲು ಗಂಟೆ. ಮನೆಯ ಪಡುಬದಿಗೆ ಒಂದು ಕೋಣೆ ಇದೆ. ಪಡುಕೋಣೆ ಎನ್ನುತ್ತೇವೆ, ಹಿಂದೆ ಅದರಲ್ಲಿ ತೆಂಗಿನಕಾಯಿ ಹಾಕುತ್ತಿದ್ದೆವು. ಬಾಗಿಲು ಬೇರೆ, ಹೆಂಚು ಒಂದೇ. ಹೋದ ವರ್ಷ ತೆನೆ ಹಬ್ಬ ಕಳೆದ ಮೇಲೆ ಅದನ್ನು ಬಂಗಾಳದ ಕಡೆಯ ಒಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟೆವು. ಗಂಡ ಕೆಂಪುಕಲ್ಲಿನ ಗೋಡೆ ಕಟ್ಟುವವನು, ಬೈಂದೂರಿನ ಬದಿಯಲ್ಲಿ ಕೆಲಸ, ಶನಿವಾರ ಸಂಜೆ ಬಂದು ಸೋಮವಾರ ಮುಂಜಾನೆ ಹೋಗುವುದು. ಹೆಂಡತಿಗೆ ಇಲ್ಲೇ ಗೇರುಬೀಜದ ಫ್ಯಾಕ್ಟರಿ. ಬೀಜದ ಎಣ್ಣೆ ತಾಗಿ ತಾಗಿ ಬೆರಳ ತುದಿ ಕಪ್ಪಾಗಿತ್ತು. ಐದು ವರ್ಷದ ಒಬ್ಬ ಮಗಳು, ನನ್ನನ್ನು ‘ನಾನಿ’ ಎನ್ನುತ್ತಿದ್ದಳು. ಅವರು ಮುಸಲ್ಮಾನರು. ಆ ಹೆಂಗಸು ಫ್ಯಾಕ್ಟರಿಯ ನಮ್ಮ ಊರಿನ ಹೆಂಗಸರಿಂದ ಕನ್ನಡ ಕಲಿತವಳು, ಆದ್ದರಿಂದ ಅವಳ ಬಾಯಲ್ಲಿ ಬಂದದ್ದು ಶುದ್ಧ ಕುಂದಾಪ್ರ ಕನ್ನಡವೇ. ದಿನಾ ಬೆಳಿಗ್ಗೆ ಐದೂವರೆಗೆ ಅವಳ ಬಾಗಿಲು ತೆರೆಯುತ್ತಿತ್ತು.

“ಅಮ್ಮ, ನೀರ್ ಬಂತಾ?”

ಪಂಚಾಯಿತಿಯ ನಳ್ಳಿ ನಮ್ಮ ಅಂಗಳದಲ್ಲಿ. ಬಂತು ಎಂದೋ ಇಲ್ಲೆ ಎಂದೋ ಹೇಳುವುದು ನನ್ನ ಕೆಲಸ. ತಮ್ಮ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರೂ ಉತ್ತರ ಕೊಡುತ್ತಿರಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ. ಅವನಿಗೆ ಬೆಳಗಿನ ಹೊತ್ತು ಫೋನು ನೋಡುವುದಿರುತ್ತದೆ.

ಹಬ್ಬಕ್ಕೆ ಒಂದು ವಾರ ಇರುವಾಗ ಆ ಫೋನಿನಲ್ಲಿ ಒಂದು ವಿಡಿಯೋ ಬಂತು. ಎಲ್ಲಿಯದೋ ಊರು, ತಗಡಿನ ಶೆಡ್ಡುಗಳು, ಪಾತ್ರೆ ಪಗಡೆ ಹೊರಗೆ ಎಸೆಯುತ್ತಿದ್ದರು. ಗಡಿ ದಾಟಿ ಬಂದವರಂತೆ, ದೇಶ ತುಂಬಿಹೋಗಿದ್ದಾರಂತೆ, ನಿಮ್ಮ ಪಕ್ಕದಲ್ಲೇ ಇರಬಹುದು ನೋಡಿಕೊಳ್ಳಿ ಎಂದು ಒಂದು ಗಂಡಸಿನ ದನಿ. ತಮ್ಮ ಅದನ್ನು ಮೂರು ಸಲ ನೋಡಿದ.

ನಮ್ಮ ಮನೆಮಾತು ಕೊಂಕಣಿ. ಆದರೆ ಜಗಳಕ್ಕೆ ಮಾತ್ರ ನಮ್ಮಿಬ್ಬರಿಗೂ ಕುಂದಾಪ್ರ ಕನ್ನಡವೇ ಬೇಕು. ಕೊಂಕಣಿ ಪ್ರಾರ್ಥನೆಗೆ ಮತ್ತು ಮೀನಿನವಳ ಹತ್ತಿರ ಚೌಕಾಸಿಗೆ.

“ಅಕ್ಕ, ಹಬ್ಬದ ಮುಂಚೆ ಆ ಕೋಣಿ ಖಾಲಿ ಮಾಡ್ಸುವ,” ಎಂದ.

“ಎಂತಕೆ? ಅವ್ರ್ ಎಂತ ಮಾಡಿರ್?”

“ಮಾಡು ತನ್ಕ ಕಾಯ್ಕಾ? ದೇಶ ಅಂದೇಳಿ ಒಂದ್ ಇತ್ತಲ್ದಾ.”

“ದೇಶ ಇಪ್ಪುದ್ ನಂಗೂ ಗೊತ್ತಿತ್ತ್. ಆ ಹೆಣ್ಣ್ ದಿನಾ ಬೆಳಿಗ್ಗೆ ಹೋಯಿ ಗೇರ್‌ಬೀಜ ಸುಲೀತ್ಲ್, ಆ ಬೀಜ ಎಕ್ಸ್‌ಪೋರ್ಟ್ ಆತ್ತ್. ದೇಶಕ್ಕೆ ಅದ್ರಂಗೆ ಎಂತ ಲಾಸು?”

“ನಿಂಗ್ ಎಲ್ಲ ಜೋಕ್.” ಅವನು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದ. ದನಿ ಇಳಿಯಿತು. “ಕೇಣ್ ಅಕ್ಕ. ಈ ಊರಂಗೆ ನಾವ್ ಇಪ್ಪುದೇ ಹತ್ತ್ ಮನಿ. ಇವತ್ತ್ ಅವ್ರನ್ನ್ ಕೇಂತ್ರ್, ನಾಳೆ ನಮ್ಮನ್ನ್ ಕೇಂತ್ರ್. ನಾವೇ ಮುಂಚೆ ಕಳ್ಸಿರೆ, ಈ ಮನಿಯರ್ ದೇಶದ್ ಬದಿಗ್ ಇದ್ರ್ ಅಂದೇಳಿ ನಾಲ್ಕ್ ಜನಕ್ಕ್ ಗೊತ್ತಾತ್ತ್.”

ಅಷ್ಟು ಹೊತ್ತು ನಾನು ಅವನ ಮೇಲೆ ಸಿಟ್ಟಾಗಿದ್ದೆ. ಈ ಮಾತು ಕೇಳಿದ ಮೇಲೆ ಸಿಟ್ಟು ನಿಲ್ಲಲಿಲ್ಲ. ಎಲ್ಲ ಬಂದರಿನಲ್ಲೂ ಪಾಸ್‌ಪೋರ್ಟ್ ಎದೆಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ ಮನುಷ್ಯ ಸ್ವಂತ ಅಂಗಳದಲ್ಲಿ ಕೂತು ಹೆದರುತ್ತಿದ್ದ.

ಬಾಡಿಗೆಗೆ ಬಂದಾಗಲೇ ಅವರು ನಮಗೆ ಕಾಗದಪತ್ರ ಎಲ್ಲ ತೋರಿಸಿದ್ದರು. ಆಧಾರ್, ವೋಟರ್ ಕಾರ್ಡ್, ಗಂಡನ ಅಜ್ಜನ ಹೆಸರಿದ್ದ ಜಮೀನಿನ ಹಳೆಯ ಕಾಗದ ಕೂಡ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಅದನ್ನು ನೆನಪಿಸಿದೆ. “ಕಾಗದ ಯಾರ್ ಬೇಕಾರೂ ಮಾಡ್ಲಕ್ಕ್,” ಎಂದ. ಮರುದಿನವೇ ಆ ಹೆಂಗಸಿಗೆ ಹೇಳಿಯೂ ಬಿಟ್ಟ. ಅವಳು ವಾದ ಮಾಡಲಿಲ್ಲ. ಗಂಡ ಶನಿವಾರ ಬರುತ್ತಾನೆ, ಸೋಮವಾರ ಹೋಗುತ್ತೇವೆ, ಅಲ್ಲಿ ತನಕ ಬಿಡಿ ಎಂದಳು. ಸೋಮವಾರವೇ ಹಬ್ಬ. ಬೈಂದೂರಿನಲ್ಲಿ ಅವನು ಇದ್ದದ್ದು ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ಹತ್ತು ಗಂಡಸರ ಜೊತೆ. ಹೆಂಡತಿ ಮಗುವನ್ನು ಅಲ್ಲಿ ಇಡುವುದೆಂದರೆ, ಮಗು ಈ ಜೂನಿನಲ್ಲಷ್ಟೇ ಸೇರಿದ ಶಾಲೆ ಬಿಡಬೇಕು.

ಟು ಬಿ ಫ್ರ್ಯಾಂಕ್, ನಾನು ಆಗ ಬಾಯಿ ಬಿಡಲಿಲ್ಲ. ಮನೆ ತಮ್ಮನ ಹೆಸರಿನಲ್ಲಿದೆ. ಒಂಟಿ ಅಕ್ಕ ಎಷ್ಟು ಮಾತಾಡಬೇಕೋ ಅಷ್ಟೇ ಮಾತಾಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಆ ರಾತ್ರಿ ಜಪಸರ ಹಿಡಿದು ಕೂತಾಗ ನೆನಪಿಗೆ ಬಂದದ್ದು ಕಾನ್ವೆಂಟಿನ ನಮ್ಮ ಸಿಸ್ಟರ್. ನಾನು ಹೈಸ್ಕೂಲಿನಲ್ಲಿದ್ದಾಗ ಯುದ್ಧ ನಡೆದಿತ್ತು. ಜವಾನರಿಗೆ ಸ್ವೆಟರ್ ಹೆಣೆಯಲು ಉಣ್ಣೆ ಬಂದಿತ್ತು, ನಮ್ಮ ಸೆಕೆಯಲ್ಲಿ ಬೆವರು ಇಳಿಸುತ್ತ ಹೆಣೆದೆವು. ಸಿಸ್ಟರ್ ನಿಟ್ಟಿಂಗಿನಲ್ಲಿ ಭಾರೀ ಸ್ಟ್ರಿಕ್ಟ್. ಒಂದು ಹೆಣಿಗೆ ತಪ್ಪಿದರೂ ಬಿಚ್ಚಿಸುವವರು, “ಅಲ್ಲಿ ಚಳಿ ಇದೆ, ನಿನ್ನ ತೂತಿನೊಳಗೆ ಗಾಳಿ ಹೋಗುತ್ತದೆ,” ಎನ್ನುವವರು. ಸಂಜೆ ಚಾಪೆಲಿನಲ್ಲಿ ನಮ್ಮ ಸೈನಿಕರಿಗಾಗಿ ಪ್ರಾರ್ಥನೆ. ಒಂದು ಸಂಜೆ ಅದು ಮುಗಿದ ಮೇಲೆ ಅವರು, “ಈಗ ಆ ಕಡೆಯ ತಾಯಂದಿರ ಮಕ್ಕಳಿಗೆ,” ಎಂದರು. ನಾನು ತುಟಿ ಬಿಗಿದು ನಿಂತೆ. ಬೇರೆ ಹುಡುಗಿಯರೂ ಗುಸುಗುಸು ಮಾಡಿದರು. ಆಮೇಲೆ ನನ್ನನ್ನು ಕರೆದು ಕೇಳಿದರು, “ಸಿಟ್ಟಾ, ಭಯವಾ?” ಸಿಟ್ಟು ಎಂದೆ. “ಮನೆಗೆ ಹೋಗಿ ಮತ್ತೊಮ್ಮೆ ನೋಡಿಕೋ,” ಎಂದರು, “ಸಿಟ್ಟಿದ್ದರೆ ಪ್ರಾರ್ಥನೆ ಆಗುತ್ತದೆ. ಭಯ ಇದ್ದರೆ ತುಟಿಯೇ ತೆರೆಯುವುದಿಲ್ಲ.” ಮರುದಿನ ಊರಿನ ಯಾರೋ ಬಂದು ಮದರ್ ಹತ್ತಿರ ದೂರು ಹೇಳಿದರಂತೆ. ಸಿಸ್ಟರ್ ಪ್ರಾರ್ಥನೆ ನಿಲ್ಲಿಸಲಿಲ್ಲ, ಸ್ವೆಟರನ್ನೂ ನಿಲ್ಲಿಸಲಿಲ್ಲ. ನಮ್ಮ ಕ್ಲಾಸಿನ ಸ್ವೆಟರುಗಳೇ ಎಲ್ಲಕ್ಕಿಂತ ಹೆಚ್ಚು ಹೋದವು.

ಇಷ್ಟೆಲ್ಲ ಕಲಿತವಳು ನಾನು ಮಾಡಿದ್ದೇನು ಎಂದು ಈಗ ಬರೆಯಬೇಕು. ಬರೆಯಲು ನಾಚಿಕೆಯಾಗುತ್ತದೆ.

ಹೂವಿನ ಒಂಬತ್ತು ದಿನ ಶುರುವಾಗಿತ್ತು. ಅಂಗಳದ ದಾಸವಾಳ, ಕೇಪಳ ಕೊಯ್ಯಲು ಪಡುಕೋಣೆಯ ಮಗು ದಿನಾ ನನ್ನ ಜೊತೆ ಬರುತ್ತಿತ್ತು. ತಾಯಿಯ ಒಪ್ಪಿಗೆ ಕೇಳಿಯೇ ಇಗರ್ಜಿಯ ತನಕ ಕರೆದುಕೊಂಡು ಹೋಗುತ್ತಿದ್ದೆ. ಹೂ ಹಾಕುವುದು ಮಕ್ಕಳಿಗೆ ಆಟ, ಅದರಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಆದರೆ ಖಾಲಿ ಮಾಡುವ ಮಾತು ಬಂದ ಮೇಲೆ ನನ್ನ ತಲೆಯಲ್ಲಿ ಒಂದು ಐಡಿಯಾ ಹೊಳೆಯಿತು. ಮಗುವನ್ನು ಹಿತ್ತಲಿನಲ್ಲಿ ಕೂರಿಸಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡುವುದನ್ನು ಕಲಿಸಿದೆ. ಮೂವತ್ತು ವರ್ಷ ನೂರಾರು ಮಕ್ಕಳಿಗೆ ಕಲಿಸಿದ ಕೈ. ಎರಡು ದಿನದಲ್ಲಿ ಕಲಿತಳು. ಯಾರಾದರೂ ಕೇಳಿದರೆ ನಮ್ಮವರೇ ಎಂದುಬಿಡುವುದು, ಅಷ್ಟೇ ನನ್ನ ಪ್ಲಾನ್.

ಗುರುವಾರ ಸಂಜೆ ನಾಲ್ಕು ಜನ ಬಂದರು. ತಮ್ಮ ಮನೆಯಲ್ಲಿರಲಿಲ್ಲ. ಅವರಲ್ಲಿ ಮುಂದೆ ನಿಂತವನು ನನ್ನ ಹಳೆಯ ವಿದ್ಯಾರ್ಥಿ. ಈಗ ಐವತ್ತರ ಹತ್ತಿರ ಹತ್ತಿರ, ಬ್ರಹ್ಮಾವರದಲ್ಲಿ ತೆಂಗಿನಕಾಯಿ ವ್ಯಾಪಾರ. ಚಪ್ಪಲಿ ಅಂಗಳದಲ್ಲೇ ಬಿಟ್ಟ. ಉಳಿದ ಮೂವರು ಬಿಡಲಿಲ್ಲ.

“ಟೀಚರ್, ಸಿಟ್ಟ್ ಮಾಡುಕಾಗ. ನಿಮ್ ಬಾಡಿಗಿಯರ್ ಎಲ್ಲಿಯರ್?”

“ನಮ್ಮರೇ. ಇಗರ್ಜಿಗ್ ಬಪ್ಪರ್,” ಎಂದೆ. ನಾಲಗೆ ತಡವರಿಸಲೇ ಇಲ್ಲ. ಮಗುವನ್ನು ಕರೆದು, “ಮಾಡ್ ಕಾಂಬ,” ಎಂದೆ. ಅವಳು ಹೂವಿನ ಬುಟ್ಟಿ ಬಲಗೈಯಲ್ಲಿ ಹಿಡಿದಿದ್ದಳು. ಎಡಗೈಯಿಂದ ಹಣೆ, ಎದೆ, ಭುಜ ಮುಟ್ಟಿ ನನ್ನ ಮುಖ ನೋಡಿ ನಕ್ಕಳು, ಶಭಾಷ್ ಎನ್ನಲಿ ಎಂದು. ನಾನು ಶಭಾಷ್ ಎಂದೆ.

ಅವರು ಹೋದರು. ಫ್ಯಾಕ್ಟರಿಯಿಂದ ಬಂದ ತಾಯಿಗೆ ಮಗು ತನ್ನ ಹೊಸ ವಿದ್ಯೆ ತೋರಿಸಿತು, ನಾಲ್ಕು ಮಾಮ ಬಂದಿದ್ದರು, ನಾನಿ ಶಭಾಷ್ ಹೇಳಿದರು ಎಂದು. ಅವಳು ಸೀದಾ ನನ್ನ ಬಾಗಿಲಿಗೆ ಬಂದಳು. ಕೈ ತೊಳೆದಿರಲಿಲ್ಲ.

“ಅಮ್ಮ, ನೀವ್ ಒಳ್ಳೇದಕ್ಕೇ ಮಾಡಿರ್, ನಂಗೊತ್ತಿತ್ತ್,” ಎಂದಳು. “ಆರೆ ಮಗೀಗ್ ಬೇರೆಯರ್ ಹಾಂಗೆ ಇಪ್ಪುಕೆ ಕಲ್ಸ್‌ಬೇಡಿ. ಈಗ ಕಲ್ತ್ರೆ ಜೀವ ಇಪ್ಪು ತನ್ಕ ಹಾಂಗೇ ಇರ್ಕ್.” ಮತ್ತೆ, “ನಮ್ ಊರೂ ಇಂಡಿಯಾವೇ ಅಮ್ಮ,” ಎಂದಳು.

ಕ್ಯಾಟೆಕಿಸಂ ಕ್ಲಾಸಿನಲ್ಲಿ ನೆರೆಯವಳನ್ನು ನಿನ್ನಂತೆಯೇ ಪ್ರೀತಿಸು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆಸಿದ್ದೇನೆ. ಅವಳು ನನ್ನಂತೆ ಕಂಡರೆ ಮಾತ್ರ ಪ್ರೀತಿಸುವುದು ಸುಲಭ ಎಂದುಕೊಂಡು ನಾನು ಮಗುವಿಗೆ ನಮ್ಮ ವೇಷ ಹಾಕಿದ್ದೆ.

ತಮ್ಮನಿಗೆ ತಿಳಿದಾಗ ಅವನು ಬೆವರಿದ. “ಎಂತ ಮಾಡ್ದೆ ಮರಾಯ್ತಿ ನೀನ್? ನಾಳೆ ನಾವ್ ಮತಾಂತರ ಮಾಡ್ತಿತ್ತ್ ಅಂದೇಳಿ ಬತ್ರ್. ಒಂದ್ ಇದ್ದದ್ದ್ ಎರಡ್ ಆಯ್ತ್.” ಹೇಳಿದ್ದು ನಿಜವೇ. ಅವನ ಹೆದರಿಕೆಯಿಂದ ಒಂದು ತಪ್ಪಾಗಿತ್ತು, ನನ್ನ ಹೆದರಿಕೆಯಿಂದ ಇನ್ನೊಂದು. ನನ್ನೊಡನೆ ಎಂದೂ ಜಗಳವಾಡದ ತಮ್ಮನ ಹೆಂಡತಿ ಒಳಗಿನಿಂದ, “ಅಕ್ಕ ತಮ್ಮ ಇಬ್ರೂ ಒಂದೇ ಅಚ್ಚು,” ಎಂದಳು.

ಶುಕ್ರವಾರ ಬೆಳಿಗ್ಗೆ ನಾನು ಕೊಡೆ ಹಿಡಿದು ಬ್ರಹ್ಮಾವರದ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ತೆಂಗಿನಕಾಯಿ ರಾಶಿಯ ನಡುವೆ ನನ್ನ ವಿದ್ಯಾರ್ಥಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದ.

“ಹ್ವಾಯ್, ಟೀಚರ್ ಬಂದಿರ್, ಒಂದ್ ಬೊಂಡ ಕೆತ್ತ್,” ಎಂದು ಕೆಲಸದವನಿಗೆ ಕೂಗಿದ.

“ಬೊಂಡ ಆಮೇಲೆ. ನಿನ್ನೆ ನಾನ್ ನಿಂಗ್ ಸುಳ್ಳ್ ಹೇಳ್ದೆ,” ಎಂದೆ. “ಅವ್ರ್ ನಮ್ ಇಗರ್ಜಿಯರ್ ಅಲ್ಲ. ಮುಸ್ಲಿಮರ್. ಬಂಗಾಳದರ್. ಕಾಗದ ಎಲ್ಲ ಸಮ ಇತ್ತ್, ನಾನೇ ಕಂಡಿದೆ.”

ಅವನು ಕುರ್ಚಿಯನ್ನು ನನ್ನ ಕಡೆಗೆ ತಳ್ಳಿ ತಾನು ಕಾಯಿಯ ಗೋಣಿಯ ಮೇಲೆ ಕೂತ. “ಗೊತ್ತಿತ್ತ್ ಟೀಚರ್.”

“ಹ್ಯಾಂಗೆ?”

“ಮಗು ಎಡಗೈಯಂಗೆ ಮಾಡ್ತ್. ನಿಮ್ ಶಿಷ್ಯರ್ ಯಾರಾರೂ ಎಡಗೈಯಂಗೆ ಮಾಡುಕೆ ನೀವ್ ಬಿಟ್ಟದ್ದ್ ಉಂಟಾ?” ಅವನು ನಕ್ಕ. “ನಾವ್ ಸುಳ್ಳ್ ಹೇಳಿರೆ ಬೆಂಚಿನ್ ಮೇಲೆ ನಿಲ್ಸ್ತಿದ್ರಿ.”

“ಈಗ ನಾನ್ ನಿಲ್ಕಾ?”

“ಬೇಡ ಮರಾಯ್ರೆ. ನೀವ್ ಬಿದ್ರೆ ಆ ಕೇಸೂ ನನ್ ಮೇಲೆ ಬತ್ತ್.”

ಬೊಂಡ ಬಂತು. ಕುಡಿಯುತ್ತ ಅವನನ್ನೇ ಕೇಳಿದೆ, ನಿನಗೆ ಆ ಮಗುವಿನ ಭಯವಾ, ತಾಯಿಯ ಭಯವಾ ಎಂದು. ಅವನು ಒಂದು ಕಾಯಿಯ ಜುಟ್ಟು ಕಿತ್ತ. “ಯಾರ್ದ್ ಅಂದೇಳಿ ಸಮ ಗೊತ್ತಿಲ್ಲೆ ಟೀಚರ್. ದಿನಾ ಬತ್ತಲ್ದಾ ಫೋನಂಗೆ. ಕಂಡ್ ಕಂಡ್ ಮನಸ್ಸ್ ಹಾಂಗೇ ಆಯ್ತ್,” ಎಂದ. ಆಮೇಲೆ, “ಒಂದ್ ಕೆಲ್ಸ ಮಾಡಿ. ಕಾಗದದ್ ಕಾಪಿ ಸ್ಟೇಷನಿಗ್ ಕೊಡಿ, ಮನಿ ಯಜಮಾನ್ರ್ ಸಮೇತ ಹೋಯಿ. ಅದ್ ಕಾನೂನು. ಮತ್ತೆ ಯಾರಾರೂ ಕೇಂಡ್ರೆ ನಾನ್ ಹೇಳ್ತೆ, ನಾನ್ ಕಂಡಿದೆ ಅಂದೇಳಿ.”

“ಆ ಮೂರ್ ಜನಕ್ಕ್?”

“ಆ ಮೂರ್ ಜನಕ್ಕೂ. ಅದ್ರಗೆ ಒಬ್ಬ ನನ್ ಭಾವ. ಅವ ಕೇಂಬುದಿಲ್ಲೆ, ಆರೆ ಹೇಳ್ತೆ.”

ಇಷ್ಟೇ. ಇದಕ್ಕಿಂತ ದೊಡ್ಡದು ಏನೂ ಆಗಲಿಲ್ಲ. ಆದರೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಬದಿ ಕೂತು ಹುಡುಗಿಯಂತೆ ಗಾಳಿ ಕುಡಿದೆ.

ಮನೆಗೆ ಬಂದು ತಮ್ಮನಿಗೆ ಹೇಳಿದರೆ ಅವನು ಬಗ್ಗಲಿಲ್ಲ. ಸ್ಟೇಷನ್ ಎಂಬ ಶಬ್ದಕ್ಕೇ ಅವನ ಮುಖ ಇಳಿಯಿತು. ಅವರಿಗೆ ಜವಾಬು ಹೇಳಲು ತನ್ನ ಹೆಸರು ಬರೆದುಕೊಡಬೇಕಲ್ಲ, ನಾಳೆ ಏನಾದರೂ ಆದರೆ ಆ ಹೆಸರೇ ಮೊದಲು ಕಾಣುವುದಲ್ಲ. ಹೇಳಿದ ಮಾತು ಹೇಳಿಯಾಯಿತು, ಸೋಮವಾರ ಹೋಗಲಿ ಎಂದ. ಶನಿವಾರ ಗಂಡ ಬಂದ. ಭಾನುವಾರ ಇಡೀ ದಿನ ಪಡುಕೋಣೆಯಲ್ಲಿ ಪಾತ್ರೆ ಕಟ್ಟುವ ಸದ್ದು. ಮಗು ಹೂವಿಗೆ ಬರಲಿಲ್ಲ.

ಹಬ್ಬದ ಬೆಳಿಗ್ಗೆ ತಮ್ಮ ಪೂಜೆ ಮುಗಿಸಿ, ವಾಡೆಯ ಮನೆಗಳಿಗೆಲ್ಲ ತೆನೆ ಹಂಚಿ, ಕೊನೆಗೆ ನಮ್ಮ ಪಾಲು ಹಿಡಿದು ಬಂದ. ಇಸ್ತ್ರಿ ಶರ್ಟು ಬೆನ್ನಿಗೆ ಅಂಟಿತ್ತು. ಅಡುಗೆ ಮನೆಯಲ್ಲಿ ಏಳು ಬಗೆಯ ತರಕಾರಿ ಆಗಿತ್ತು. ನಾನು ಮಣೆಯ ಮೇಲೆ ಕೂತು ತೆನೆ ಬಿಚ್ಚಿ ಕಾಳು ಸುಲಿಯತೊಡಗಿದೆ. ಅವನು ಎದುರಿಗೆ ಕೂತ. ಅಮ್ಮನ ಕಾಲದಿಂದಲೂ ಅವನು ಎದುರಿಗೆ ಕೂತು ಎಣಿಸುವುದು.

“ಮೂರ್ ಜನ, ಒಂಬತ್ತ್ ಕಾಳ್,” ಎಂದ.

ನಾನು ಒಂಬತ್ತಕ್ಕೆ ನಿಲ್ಲಿಸಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು. ಅವನ ಕಣ್ಣು ನನ್ನ ಉಗುರಿನ ಮೇಲೆಯೇ ಇತ್ತು. ಹದಿನೆಂಟಾಯಿತು. ಪಡುಕೋಣೆಯ ಕಡೆ ನೋಡಿದ, ನನ್ನನ್ನು ನೋಡಿದ. ಹಿಂದಿನ ರಾತ್ರಿ ಆ ಮೂವರೂ ಈ ಹೆಂಚಿನ ಕೆಳಗೇ ಮಲಗಿದ್ದರು. ನಾನು ಮತ್ತೂ ಮೂರು ಸುಲಿದೆ.

“ಇಪ್ಪತ್ತೊಂದು,” ಎಂದ. “ಏಳನೇದ್ ಯಾರ್ದ್?”

“ಅಮ್ಮ ಪ್ರತಿ ವರ್ಷ ಹಾಕ್ತಿದ್ಲಲ್ದಾ.”

“ಅದ್ ತೀರ್ಕಂಡರಿಗೆ ಅಲ್ದಾ?”

“ಅಲ್ಲ. ಬಾಂಬೆಯ ಆ ಬಾಯಿಗೆ.”

ಅವನ ಕೈ ತೆನೆಯ ಮೇಲೆ ಹಾಗೇ ನಿಂತಿತು.

ಬಾಂಬೆಗೆ ಹೋದ ಮೊದಲ ವರ್ಷ ಅವನು ಬರೆದ ಒಂದು ಇನ್‌ಲ್ಯಾಂಡ್ ಲೆಟರನ್ನು ಅಮ್ಮನಿಗೆ ಓದಿ ಹೇಳಿದವಳು ನಾನು. ದಕ್ಷಿಣದವರು ನಮ್ಮ ಕೆಲಸ ಕಿತ್ತುಕೊಂಡರು ಎಂದು ಅಲ್ಲಿ ಗಲಾಟೆ. ಅವನಿದ್ದ ಚಾಳಿಗೆ ದೊಣ್ಣೆ ಹಿಡಿದ ಗಂಡಸರು ಬಂದು ಒಂದೊಂದೇ ಬಾಗಿಲು ತಟ್ಟುತ್ತಿದ್ದರು. ಪಕ್ಕದ ಖೋಲಿಯ ಮರಾಠಿ ಹೆಂಗಸು, ಎಲ್ಲರೂ ಬಾಯಿ ಎನ್ನುತ್ತಿದ್ದವಳು, ಇವನ ತೋಳು ಹಿಡಿದು ಒಳಗೆಳೆದು, ಕೈಗೆ ತೆಂಗಿನಕಾಯಿ ಕೊಟ್ಟು ತುರಿಯಲು ಕೂರಿಸಿದಳಂತೆ. ಬಂದವರಿಗೆ ನನ್ನ ತಂಗಿಯ ಮಗ ಎಂದಳಂತೆ. ಇವನು ಅರ್ಧ ಗಂಟೆ ತಲೆ ಎತ್ತದೆ ತುರಿದನಂತೆ, ಹೆಬ್ಬೆರಳೂ ತುರಿದುಹೋಯಿತಂತೆ. ‘ಹೆದರಬೇಡ ಎಂದು ಅಮ್ಮನಿಗೆ ಹೇಳು’ ಎಂದು ಕೊನೆಗೆ ಬರೆದಿದ್ದ. ಅಮ್ಮ ಹೆದರಲಿಲ್ಲ, ಆ ಬಾಯಿಯ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು. ಅದನ್ನು ಅವನು ಬರೆದಿರಲಿಲ್ಲ. “ಹಂಗಾರೆ ಅವ್ಳಿಗೆ ಒಬ್ಳಿಗಾರೂ,” ಎಂದು ಆ ವರ್ಷದಿಂದ ಮೂರು ಕಾಳು.

ತಮ್ಮ ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡ. “ಅವ್ಳೂ ಸುಳ್ಳೇ ಹೇಳಿದ್ಲ್ ಅಲ್ದಾ ಅಕ್ಕ,” ಎಂದ.

“ಹೌದ್. ಬಾಗ್ಲಂಗೆ ದೊಣ್ಣೆ ಇದ್ರೆ ನಾನೂ ಹೇಳುವೆ. ನಮ್ ಬಾಗ್ಲಂಗೆ ಇದ್ದದ್ದ್ ನನ್ ಸ್ಟೂಡೆಂಟ್.”

ಅವನಿಗೆ ನಗು ಬಂತೋ ಇನ್ನೇನೋ, ಮೂಗು ಒರೆಸಿಕೊಂಡ. ಎದ್ದು ಹೊರಗೆ ಹೋದ. ನಾನು ಕಾಳು ಅರೆದು, ಕಾಯಿಹಾಲಿಗೆ ಬೆರೆಸಿ, ಏಳು ಲೋಟ ಸಾಲಾಗಿ ಇಟ್ಟು ಕಾದೆ. ತಮ್ಮನ ಹೆಂಡತಿ ಕಿಟಕಿಯ ಹತ್ತಿರ ನಿಂತು ನನಗೆ ಸುದ್ದಿ ಕೊಡುತ್ತಿದ್ದಳು. “ಅಂಗಳದಂಗ್ ನಿಂತಿದ್ರ್ ಅತ್ತಿಗೆ. ನಳ್ಳಿ ಕಾಂತಿದ್ರ್. ಈಗ ಬಾಗ್ಲ್ ಹತ್ರ ಹೋದ್ರ್. ಎಂತ ಮಾತಾಡ್ತಿಲ್ಲೆ.”

ಕೊನೆಗೆ ಅವನ ದನಿ ಕೇಳಿತು. “ಅಕ್ಕ ಕರೀತಿತ್ಲ್. ಹೊಸತ್ ಕುಡುಕೆ. ಎಲ್ಲರೂ ಬರ್ಕಂಬ್ರ್.” ಕರೆದದ್ದು ನಾನಲ್ಲ. ಇರಲಿ.

ಅವರು ಬಂದು ಅಡುಗೆ ಮನೆಯ ಬಾಗಿಲಲ್ಲಿ ನಿಂತರು. ಗಂಡ ಒಗೆದ ಶರ್ಟು ಹಾಕಿಕೊಂಡಿದ್ದ, ಪ್ರಯಾಣಕ್ಕೆಂದು. ಹೆಂಗಸು ಲೋಟದೊಳಗೆ ನೋಡಿ, “ಇದ್ರಂಗೆ ಎಂತೆಂತ ಇತ್ತ್ ಅಮ್ಮ?” ಎಂದು ಕೇಳಿದಳು. ಕೇಳುವ ಹಕ್ಕು ಅವಳಿಗಿತ್ತು, ನನ್ನ ಐಡಿಯಾಗಳನ್ನು ಕಂಡವಳು.

“ಹೊಸ ಅಕ್ಕಿ, ಕಾಯಿಹಾಲು, ಬೆಲ್ಲ,” ಎಂದೆ. “ಫಾದರ್ ತೆನೆಗೆ ಆಶೀರ್ವಾದ ಮಾಡಿರ್. ಮನಸ್ಸಿಲ್ದಿರೆ ಕುಡುದ್ ಬೇಡ, ಬೇಜಾರಿಲ್ಲೆ.”

ಅವಳು ಗಂಡನನ್ನು ನೋಡಿದಳು. ಅವನು ಅವರ ಭಾಷೆಯಲ್ಲಿ ಎರಡು ಮಾತು ಹೇಳಿದ. “ನಮ್ಮಲ್ಲೂ ಹೊಸ ಅಕ್ಕಿಗೆ ಪಾಯಸ ಮಾಡ್ತ್ರ್ ಅಮ್ಮ, ಚಳಿಗಾಲದಂಗೆ,” ಎಂದು ಅವಳು ನನಗೆ ತಿಳಿಸಿ ಲೋಟ ತೆಗೆದುಕೊಂಡಳು.

ನಾವು ಮೂವರು ಶಿಲುಬೆಯ ಗುರುತು ಮಾಡಿದೆವು. ಮಗುವೂ ಅಭ್ಯಾಸದಿಂದ ಕೈ ಹಣೆಗೆ ಎತ್ತಿತು. ತಮ್ಮ ಆ ಪುಟ್ಟ ಕೈಯನ್ನು ಮೆಲ್ಲಗೆ ಹಿಡಿದು ಇಳಿಸಿದ.

“ಅದ್ ನಮ್ದ್ ಮಗಾ. ನೀನ್ ನಿಂದ್ ಹೇಳ್.”

ಮಗು ತಾಯಿಯ ಕಡೆ ನೋಡಿ ಬಿಸ್ಮಿಲ್ಲಾ ಎಂದಿತು. ಗುರ್ಕಾರ ಅದು ಮುಗಿಯುವ ತನಕ ತನ್ನ ಲೋಟ ತುಟಿಗೆ ಮುಟ್ಟಿಸಲಿಲ್ಲ. ಆ ಹೆಚ್ಚಿನ ಲೋಟವನ್ನು ಯಾರು ಕುಡಿಯುವುದೆಂದು ಪ್ರತಿ ವರ್ಷವೂ ಪ್ರಶ್ನೆ, ನಾನೇ ಕುಡಿದುಬಿಡುತ್ತಿದ್ದೆ. ಈ ಸಲ ಅವನು ತೆಗೆದುಕೊಂಡ.

ಊಟವಾಯಿತು. ಮೂರು ಗಂಟೆಗೆ ಬೈಂದೂರಿನ ಬಸ್ಸು. ಗಂಡ ಎದ್ದು ಚೀಲ ಎತ್ತಿದ.

“ಅದನ್ನ್ ಒಳಗ್ ಇಡ್,” ಎಂದ ತಮ್ಮ, “ಕಾಗದದ್ ಪ್ಲಾಸ್ಟಿಕ್ ಮಾತ್ರ ತಕೋ. ಸ್ಟೇಷನಿಗ್ ಹೋಯ್ ಬಪ್ಪ.” ಅವನಿಗೆ ಅರ್ಥವಾಗಲಿಲ್ಲ, ಸ್ಟೇಷನ್ ಎಂದ ಕೂಡಲೇ ಮುಖ ಬಿಳಿಚಿತು. ತಮ್ಮ ತನ್ನ ಎದೆ ತಟ್ಟಿಕೊಂಡು, “ನಾನೂ ಬತ್ತೆ. ನನ್ ಹೆಸ್ರ್ ಬರೀತೆ,” ಎಂದ. ಒಳಗೆ ಹೋಗಿ ಹಡಗಿನ ಕಾಲದ ಹಳೆಯ ಪಾಸ್‌ಪೋರ್ಟ್ ಕೂಡ ಜೇಬಿಗೆ ಹಾಕಿಕೊಂಡು ಬಂದ. ಅದನ್ನು ಯಾರು ಕೇಳುತ್ತಾರೋ ದೇವರೇ ಬಲ್ಲ. ಇಬ್ಬರೂ ಸ್ಕೂಟರಿನಲ್ಲಿ ಹೋದರು, ಐದೂವರೆಗೆ ಬಂದರು. ಸ್ಟೇಷನಿನಲ್ಲಿ ಕಾಪಿ ತೆಗೆದುಕೊಂಡು, ಸಹಿ ಹಾಕಿಸಿಕೊಂಡು, ಮಳೆ ಬರುವ ಮೊದಲು ಮನೆ ಸೇರಿ ಎಂದರಂತೆ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಅಂಥ ವಿಡಿಯೋಗಳು ಈಗಲೂ ಬರುತ್ತವೆ, ತಮ್ಮ ಈಗಲೂ ನೋಡುತ್ತಾನೆ. ನನ್ನ ವಿದ್ಯಾರ್ಥಿಯ ಆ ಭಾವ ರಸ್ತೆಯಲ್ಲಿ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾನೆ. ಆದರೆ ನನ್ನ ವಿದ್ಯಾರ್ಥಿ ಹೇಳಬೇಕಾದ್ದನ್ನು ಹೇಳಿದ್ದಾನೆ, ಎರಡನೆಯ ಸಲ ಯಾರೂ ಬಂದಿಲ್ಲ. ಮಗು ಶಾಲೆಗೆ ಹೋಗುತ್ತಿದೆ, ಬಲಗೈಯಲ್ಲಿ ಎ ಬಿ ಸಿ ಬರೆಯುತ್ತಿದೆ. ನಾನೀಗ ಅವಳಿಗೆ ನಿಟ್ಟಿಂಗ್ ಕಲಿಸುತ್ತಿದ್ದೇನೆ. ಅದಕ್ಕೆ ತಾಯಿಯ ಅಭ್ಯಂತರವಿಲ್ಲ, ಕೇಳಿಯೇ ಶುರು ಮಾಡಿದ್ದು.

ಹಬ್ಬದ ಮರುದಿನ ಬೆಳಿಗ್ಗೆ ನಾನು ತಡವಾಗಿ ಎದ್ದೆ. ಮಂಚದ ಮೇಲಿಂದಲೇ ಪಡುಕೋಣೆಯ ಬಾಗಿಲಿನ ಸದ್ದು ಕೇಳಿತು.

“ಅಮ್ಮ, ನೀರ್ ಬಂತಾ?”

ನಾನು ಬಾಯಿ ತೆರೆಯುವ ಮೊದಲೇ ಅಂಗಳದ ಕುರ್ಚಿಯಿಂದ ತಮ್ಮ ಹೇಳಿದ, “ಬಂತ್, ಬಂತ್. ಸಣ್ಣಕ್ ಬತ್ತಿತ್ತ್. ಬೇಗ ಕೊಡಪಾನ ತಕಂಡ್ ಬಾ.”